ಬುದ್ಧನ ಮನೆಗೆ ವಿಕ್ಕಾ ಅಳಿಯ

ಬರಹ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಅರ್ಧ ಓದಿ ಕಮೆಂಟ್ ಹಾಕೋರಿಗೆ ಮೊದಲೇ ಕೈ ಮುಗೀತೀನಿ.

ನಮ್ಮ ಅಣ್ಣನ ಮಗಳು ಇಂಗ್ಲೆಂಡಿನಲ್ಲಿ ನರ್ಸ್ ಆಗಿದ್ದಾಳೆ. ಹೋದ ವರ್ಷ ಒಂದು ರಾತ್ರಿ ಫೋನ್ ಮಾಡಿ, "ಚಿಕ್ಕಪ್ಪ, ಇಲ್ಲೊಬ್ಬ ಹುಡುಗನ್ನ ಮೆಚ್ಚಿದೀನಿ. ಅಪ್ಪನಿಗೆ ನೀವೇ ಹೇಳ್ಬೇಕು" ಅಂದಳು. ನನಗೆ ಖುಷಿಯೇ ಆಯ್ತು. ಅಂತರ್ಜಾತಿ ಮದುವೆಗಳಿಗೆ ಎಷ್ಟು ಸಲ ಸಾಕ್ಷಿ ಸಹಿ ಹಾಕಿದೀನೋ ಲೆಕ್ಕ ಇಲ್ಲ. "ಚರ್ಚಿಗೆ ಹೋಗೋರಾ?" ಅಂತ ಕೇಳಿದೆ. "ಇಲ್ಲ ಚಿಕ್ಕಪ್ಪ, ಅವನು ವಿಕ್ಕನ್" ಅಂದಳು. ಹಂಗಂದ್ರೇನು? "ದೇವಿನ ಪೂಜೆ ಮಾಡ್ತಾರೆ, ಹುಣ್ಣಿಮೆ ಮಾಡ್ತಾರೆ, ಮಂತ್ರ ಗಿಂತ್ರ ಇರುತ್ತೆ. ತಮ್ಮನ್ನ ತಾವೇ ವಿಚ್ ಅಂತ ಕರ್ಕೊಳ್ತಾರೆ."

ನನ್ನ ಬಾಯಿಂದ ಬಂದ ಮಾತು ಇದು: "22 ಪ್ರತಿಜ್ಞೆ ತಗೊಂಡ ಮನೇಲಿ ಹುಟ್ಟಿ ಮಾಟಗಾರನ್ನ ಕಟ್ಕೋತೀಯಾ?"

ಫೋನ್ ಇಟ್ಟಳು. ಎರಡು ತಿಂಗಳು ಮಾತಿಲ್ಲ.

ಆಮೇಲೆ ಆ ಪದ ನನ್ನನ್ನ ಕುಟುಕೋಕೆ ಶುರು ಮಾಡ್ತು. ಯಾಕಂದ್ರೆ ನಮ್ಮ ಮನೇಲೂ ಒಬ್ಬಳು 'ಮಾಟಗಾತಿ' ಇದ್ದಳು. ನಮ್ಮ ಅಜ್ಜಿಯ ತಂಗಿ. ಬಂಗಾರಪೇಟೆ ಕಡೆಯ ಒಂದು ಹಳ್ಳಿ. ಸೂಲಗಿತ್ತಿ ಕೆಲಸ ಮಾಡ್ತಿದ್ದಳು, ನಾಟಿ ಔಷಧಿ ಕೊಡ್ತಿದ್ದಳು. ಊರೊಳಗಿನ ಒಬ್ಬರ ಮನೆಯ ಹಸು ಸತ್ತಿತು, ಇವಳು ಹಿಂದಿನ ದಿನ ಆ ಕೊಟ್ಟಿಗೆ ಮುಂದೆ ನಿಂತಿದ್ದಳಂತೆ. ಮಂತ್ರ ಉಚ್ಚಾರ ಆಗಬಾರದು ಅಂತ ಅವಳ ಮುಂದಿನ ಹಲ್ಲು ಕಿತ್ತರು. ನಾನು ಚಿಕ್ಕವನಾಗಿದ್ದಾಗ ಆ ಬೋಡು ಬಾಯಿ ನೋಡಿ ನಗ್ತಿದ್ದೆ. ಯಾಕೆ ಹಂಗಾಯ್ತು ಅಂತ ಗೊತ್ತಾಗಿದ್ದು ದಸಂಸಕ್ಕೆ ಬಂದ ಮೇಲೆ. ಅಂಥ ಮನೆಯವನು ನಾನು ಅದೇ ಪದ ತೆಗೆದು ಹುಡುಗಿ ಮುಖಕ್ಕೆ ಎಸೆದಿದ್ದೆ.

ಆ ಎರಡು ತಿಂಗಳಲ್ಲಿ ಕೂತು ಓದಿದೆ. ಓದ್ತಾ ಓದ್ತಾ ಎಲ್ಲಿಂದ ಎಲ್ಲಿಗೆ ಬಂದೆ ಅಂದ್ರೆ, ಇಂಗ್ಲೆಂಡಿನ ವಿಕ್ಕಾ ಹುಡುಕೋಕೆ ಹೊರಟವನು ಸಿಲೋನಿನ ಚಹಾ ತೋಟ ದಾಟಿ ನಮ್ಮ ಮಾರಿಕುಪ್ಪಂಗೇ ಬಂದು ನಿಂತೆ.

ಮೊದಲು ವಿಕ್ಕಾ ಅಂದ್ರೇನು ಅಂತ ಹೇಳ್ಬಿಡ್ತೀನಿ. ಇದನ್ನ ಜಗತ್ತಿಗೆ ತಂದವನು ಜೆರಾಲ್ಡ್ ಗಾರ್ಡ್ನರ್ (1884–1964), ಬ್ರಿಟಿಷ್ ವಸಾಹತುಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಇಂಗ್ಲೆಂಡಿನ ನ್ಯೂ ಫಾರೆಸ್ಟ್ ಅನ್ನೋ ಕಾಡಿನ ಸೀಮೆಯಲ್ಲಿ ಮಾಟಗಾತಿಯರ ಹಳೇ ಗುಂಪೊಂದು 1939ರಲ್ಲಿ ತನಗೆ ದೀಕ್ಷೆ ಕೊಟ್ಟಿತು ಅಂತ ಅವನು ಹೇಳ್ಕೊಂಡ. 1735ರ ಮಾಟದ ಕಾಯ್ದೆ 1951ರಲ್ಲಿ ರದ್ದಾಯ್ತು, 1954ರಲ್ಲಿ ಅವನ ಪುಸ್ತಕ ಬಂತು. ಒಬ್ಬ ದೇವಿ, ಕೊಂಬಿರುವ ಒಬ್ಬ ದೇವರು, ವರ್ಷಕ್ಕೆ ಎಂಟು ಋತು ಹಬ್ಬ, ಹುಣ್ಣಿಮೆಯ ಕೂಟ. ಯಾರಿಗೂ ಕೇಡು ಮಾಡದೆ ನಿನಗೆ ಬೇಕಾದಂತೆ ಬದುಕು ಅನ್ನೋದು ನೀತಿ. ಮಾಡಿದ್ದು ಮೂರು ಪಟ್ಟಾಗಿ ನಿನಗೇ ವಾಪಸ್ ಬರುತ್ತೆ ಅಂತ ಬಹಳ ಜನ ನಂಬ್ತಾರೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವಿಕ್ಕಾ ಅಂತ ಬರೆಸಿದವರು ಸುಮಾರು 13 ಸಾವಿರ, ಪೇಗನ್ ಅಂತ ಬರೆಸಿದವರು ಸುಮಾರು 74 ಸಾವಿರ. ಬೌದ್ಧರು ಸುಮಾರು 2 ಲಕ್ಷ 73 ಸಾವಿರ. ಅಲ್ಲಿ ಇಬ್ಬರೂ ಅಲ್ಪಸಂಖ್ಯಾತರೇ.

1954 ಆ ಪುಸ್ತಕ, 1956 ನಾಗಪುರದ ದೀಕ್ಷಾಭೂಮಿ. ಎರಡೇ ವರ್ಷದ ಅಂತರ. ಎರಡೂ ಹೇಳಿದ್ದು ಇದು ಹೊಸದಲ್ಲ, ನಮ್ಮಿಂದ ಕಿತ್ತುಕೊಂಡಿದ್ದನ್ನ ವಾಪಸ್ ಪಡೀತಿದೀವಿ ಅಂತ. ಇಲ್ಲಿ ಸ್ವಲ್ಪ ಕಠಿಣವಾಗಿ ಮಾತಾಡ್ಬೇಕು. ಗಾರ್ಡ್ನರ್ ನೆಚ್ಚಿಕೊಂಡಿದ್ದು ಮಾರ್ಗರೆಟ್ ಮರ್ರೆ ಅನ್ನೋ ವಿದ್ವಾಂಸೆಯ 1921ರ ಪುಸ್ತಕವನ್ನ. ಯುರೋಪಿನಲ್ಲಿ ಮಾಟಗಾತಿಯರು ಅಂತ ಕೊಂದಿದ್ದು ಕ್ರೈಸ್ತ ಧರ್ಮಕ್ಕಿಂತ ಹಳೆಯ ಧರ್ಮವೊಂದರ ಅನುಯಾಯಿಗಳನ್ನ ಅಂತ ಆಕೆಯ ವಾದ. ಇತಿಹಾಸಕಾರರು ಇದನ್ನ ಒಪ್ಪಲ್ಲ. ಕೊಂದಿದ್ದು ಸಾಮಾನ್ಯ ಕ್ರೈಸ್ತರನ್ನೇ. ಬಹುಪಾಲು ಹೆಂಗಸರು. ಬಡವರು, ವಿಧವೆಯರು, ನೆರೆಮನೆಯವರ ಕಣ್ಣು ಬಿದ್ದವರು ಬಹಳ ಜನ. ತೊಂಬತ್ತು ಲಕ್ಷ ಜನ ಸುಟ್ಟುಹೋದರು ಅನ್ನೋ ಲೆಕ್ಕ ಇನ್ನೂ ವಾಟ್ಸಾಪ್‌ನಲ್ಲಿ ಓಡ್ತಾ ಇದೆ. ವಿದ್ವಾಂಸರ ಅಂದಾಜು 40ರಿಂದ 60 ಸಾವಿರ. ಅದೇನು ಕಮ್ಮಿನಾ? ಒಬ್ಬಳನ್ನ ಕೊಂದರೂ ಕೊಲೆನೇ. ಸುಳ್ಳು ಲೆಕ್ಕ ಕೊಟ್ಟರೆ ನಿಜವಾಗಿ ಸತ್ತವರಿಗೆ ಅವಮಾನ. ನಮ್ಮ ಸಭೆಗಳಲ್ಲೂ ಮೈಕ್ ಹಿಡಿದು ಬಾಯಿಗೆ ಬಂದ ಸಂಖ್ಯೆ ಹೇಳೋರು ಇದಾರೆ, ಅವರಿಗೂ ಈ ಮಾತು ಸಲ್ಲುತ್ತೆ.

ನಮ್ಮ ಕಥೆ ಏನು? ಅಸ್ಪೃಶ್ಯರು ಮೂಲದಲ್ಲಿ ಬೌದ್ಧರು ಅಂತ ಪಂಡಿತ ಅಯೋತಿದಾಸರು ಹೇಳಿದರು. 1948ರಲ್ಲಿ ಬಾಬಾಸಾಹೇಬರೂ ಅಸ್ಪೃಶ್ಯತೆಯ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಅದೇ ದಿಕ್ಕಿನ ವಾದ ಕಟ್ಟಿದರು. ಆದರೆ ಬಾಬಾಸಾಹೇಬರು ಮುನ್ನುಡಿಯಲ್ಲೇ, ನೇರ ಪುರಾವೆ ಸಿಗದ ಕಡೆ ಕೊಂಡಿಗಳನ್ನ ಊಹೆಯಿಂದ ಜೋಡಿಸಬೇಕಾಯ್ತು ಅಂತ ಬಿಚ್ಚಿ ಹೇಳ್ತಾರೆ. ಆ ಪ್ರಾಮಾಣಿಕತೆ ಗಾರ್ಡ್ನರ್‌ಗೆ ಇರಲಿಲ್ಲ. ನನಗೆ ದೊಡ್ಡ ವ್ಯತ್ಯಾಸ ಕಾಣೋದು ಇದು.

ಈಗ ಸಿಲೋನ್‌ಗೆ ಬರೋಣ. ಗಾರ್ಡ್ನರ್ 1900ರಲ್ಲಿ, ಇನ್ನೂ ಹದಿನಾರು ವರ್ಷದ ಹುಡುಗ, ಅಲ್ಲಿನ ಚಹಾ ತೋಟಕ್ಕೆ ಕೆಲಸಕ್ಕೆ ಹೋದ. 1908ರ ತನಕ ಸಿಲೋನಿನಲ್ಲೇ ಇದ್ದ. ಆ ತೋಟಗಳಲ್ಲಿ ಎಲೆ ಕೀಳ್ತಿದ್ದವರು ಯಾರು? ತಮಿಳು ಸೀಮೆಯಿಂದ ಹೋದ ಕೂಲಿಗಳು. ಅವರಲ್ಲಿ ದೊಡ್ಡ ಪಾಲು ಪರಯರು, ಪಳ್ಳರು, ಚಕ್ಕಿಲಿಯರು. ನಮ್ಮವರು. ಅವನು ಅಲ್ಲಿಗೆ ಹೋಗೋಕೆ ಎರಡೇ ವರ್ಷ ಮುಂಚೆ, 1898ರಲ್ಲಿ, ಅಯೋತಿದಾಸರು ಅದೇ ದ್ವೀಪಕ್ಕೆ ಹೋಗಿ ಪಂಚಶೀಲ ಸ್ವೀಕರಿಸಿ ಬಂದಿದ್ದರು. ಕರ್ಕೊಂಡು ಹೋದವರು ಮದ್ರಾಸಿನ ಅಡ್ಯಾರ್‌ನಲ್ಲಿ ನೆಲೆಸಿದ್ದ ಥಿಯಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್. ಈ ಆಲ್ಕಾಟ್ ಮತ್ತು ಬ್ಲಾವಟ್ಸ್ಕಿ 1880ರಲ್ಲೇ ಸಿಲೋನಿನ ಗಾಲ್ ಊರಿನಲ್ಲಿ ಪಂಚಶೀಲ ತಗೊಂಡಿದ್ದರು. ಅಡ್ಯಾರಿನಲ್ಲಿ ಬುದ್ಧನೂ ಇದ್ದ, ಗುಪ್ತವಿದ್ಯೆಯೂ ಇತ್ತು, ಪಂಚಮರ ಮಕ್ಕಳಿಗೆ ಆಲ್ಕಾಟ್ ಶುರುಮಾಡಿದ ಶಾಲೆಯೂ ಇತ್ತು.

ಅಯೋತಿದಾಸರು ಅಲ್ಲಿಂದ ಬಂದು ಕಟ್ಟಿದ ಶಾಕ್ಯ ಬೌದ್ಧ ಸಂಘದ ಶಾಖೆ ನಮ್ಮ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಬಂತು. ಗಣಿಯೊಳಗೆ ಇಳಿದು ಬಂದು, ಮೈ ತೊಳ್ಕೊಂಡು, ಸಂಜೆ ಬುದ್ಧನ ಮಾತು ಕೇಳೋಕೆ ಕೂರ್ತಿದ್ದ ಜನ ಅವರು. ಬಾಬಾಸಾಹೇಬರ ದೀಕ್ಷೆಗೆ ಅರ್ಧ ಶತಮಾನ ಮುಂಚೆ. ಈ ಸಂಘದ ಬಳಗದಲ್ಲೇ ಇದ್ದ ಪಿ. ಲಕ್ಷ್ಮೀನರಸು 1907ರಲ್ಲಿ ಇಂಗ್ಲಿಷಿನಲ್ಲಿ ಬೌದ್ಧ ಧರ್ಮದ ಸಾರ ಬರೆದರು. 1948ರಲ್ಲಿ ಅದರ ಮರುಮುದ್ರಣಕ್ಕೆ ಮುನ್ನುಡಿ ಬರೆದವರು ಬಾಬಾಸಾಹೇಬರು.

ಅಡ್ಯಾರಿನ ಇನ್ನೊಂದು ಮುಖವನ್ನೂ ಹೇಳ್ಬೇಕು. ಆಲ್ಕಾಟ್ ನಂತರ ಬಂದ ಆನಿ ಬೆಸೆಂಟ್ 1909ರಲ್ಲಿ ಬರೆದ ಲೇಖನದಲ್ಲಿ, ಅಸ್ಪೃಶ್ಯರ ಮಕ್ಕಳನ್ನ ಮೊದಲು ಬೇರೆ ಕೂರಿಸಿ ಶುಚಿ ಕಲಿಸಬೇಕು, ಅಲ್ಲಿ ತನಕ ಮೇಲ್ಜಾತಿ ಮಕ್ಕಳ ಜತೆ ಸೇರಿಸಬಾರದು ಅಂತ ವಾದ ಮಾಡಿದರು. ಬಾಬಾಸಾಹೇಬರು ಅದನ್ನ ಮರೀಲಿಲ್ಲ, ಕಾಂಗ್ರೆಸ್ ಬಗ್ಗೆ ಬರೆದ ಪುಸ್ತಕದಲ್ಲಿ ಉದ್ದಕ್ಕೆ ಎತ್ತಿ ತೋರಿಸಿದಾರೆ. ಇದೇ ಆನಿ ಬೆಸೆಂಟರ ಮಗಳು ಮೇಬಲ್ ಮುಂದೆ ಇಂಗ್ಲೆಂಡಿನ ಒಂದು ಗುಪ್ತವಿದ್ಯೆಯ ಸಂಘದಲ್ಲಿದ್ದರು. ಗಾರ್ಡ್ನರ್ ನಿವೃತ್ತಿಯಾದ ಮೇಲೆ ಹೋಗಿ ಸೇರಿದ್ದು ಅದೇ ಸಂಘಕ್ಕೆ. ತನಗೆ ದೀಕ್ಷೆ ಕೊಟ್ಟವರ ಪರಿಚಯ ಆಗಿದ್ದು ಅಲ್ಲೇ ಅಂತ ಹೇಳ್ಕೊಂಡ.

ಅಂದ್ರೆ ನೋಡಿ, ಗಣಿ ಕಾರ್ಮಿಕರ ಬೌದ್ಧ ಸಂಘಕ್ಕೂ ವಿಕ್ಕಾಕ್ಕೂ ಎಲ್ಲೋ ಹಿಂದೆ ಒಂದೇ ಅಂಗಳ ಇದೆ. ನೆಂಟಸ್ತನ ಅಲ್ಲ. ಒಂದೇ ಬಾವಿಯ ನೀರು ಸೇದಿಕೊಂಡು ಬೇರೆ ಬೇರೆ ದಾರಿ ಹಿಡಿದವರು ಅನ್ನಬಹುದು. ಆ ಬಾವಿಯಿಂದ ನಮ್ಮವರಿಗೆ ಎಷ್ಟು ನೀರು ಕೊಟ್ಟರು, ಎಷ್ಟು ದೂರ ನಿಲ್ಲಿಸಿದರು ಅನ್ನೋದು ಬೇರೆಯೇ ಕಥೆ.

ಮಾಟದ ದಾರಿಯಿಂದ ಬುದ್ಧನ ದಾರಿಗೆ ನೇರವಾಗಿ ನಡೆದುಬಂದ ಒಬ್ಬನೂ ಇದ್ದ. ಅಲನ್ ಬೆನೆಟ್, ಹುಟ್ಟಿದ್ದು 1872ರಲ್ಲಿ. ಲಂಡನ್ನಿನ 'ಗೋಲ್ಡನ್ ಡಾನ್' ಅನ್ನೋ ಮಾಂತ್ರಿಕ ಸಂಘದವನು, ಕುಖ್ಯಾತ ಅಲೀಸ್ಟರ್ ಕ್ರೌಲಿಯ ಗುರು. ಆ ಸಂಘದ ವಿಧಿಗಳು ಕ್ರೌಲಿಯ ಕೈದಾಟಿ ಮುಂದೆ ಗಾರ್ಡ್ನರನ ವಿಕ್ಕಾಕ್ಕೂ ಬಂದವು. ಬೆನೆಟ್ ಆಸ್ತಮಾ ರೋಗಿ. 1900ರಲ್ಲಿ ಸಿಲೋನ್‌ಗೆ ಬಂದು, ಅಲ್ಲಿಂದ ಬರ್ಮಾದ ಅರಕಾನ್ ಸೀಮೆಗೆ ಹೋಗಿ ಚೀವರ ಧರಿಸಿದ. 1902ರಲ್ಲಿ ಆನಂದ ಮೆತ್ತೇಯ್ಯ ಅನ್ನೋ ಹೆಸರಿನ ಪೂರ್ಣ ಭಿಕ್ಷು. 1908ರಲ್ಲಿ ಧಮ್ಮ ಸಾರೋಕೆ ಲಂಡನ್‌ಗೆ ವಾಪಸ್ ಹೋದ. ನಾಗಪುರದಲ್ಲಿ ಬಾಬಾಸಾಹೇಬರಿಗೆ ದೀಕ್ಷೆ ಕೊಟ್ಟ ಚಂದ್ರಮಣಿ ಮಹಾಸ್ಥವಿರರೂ ಅರಕಾನ್ ಸೀಮೆಯವರೇ. ಆದರೆ ಗಮನಿಸಿ, ಬೆನೆಟ್ ಎರಡನ್ನೂ ಜತೆಗೆ ಇಟ್ಕೊಳ್ಳಲಿಲ್ಲ. ಮಾಂತ್ರಿಕ ದಂಡ ಕೆಳಗಿಟ್ಟು ಭಿಕ್ಷಾಪಾತ್ರೆ ಹಿಡಿದ.

ಹಾಗಾದ್ರೆ ಬೌದ್ಧಕ್ಕೂ ವಿಕ್ಕಾಕ್ಕೂ ಹೊಂದುತ್ತಾ? ನಂಬಿಕೆ ಮಟ್ಟದಲ್ಲಿ ಕೇಳಿದರೆ ಹೊಂದಲ್ಲ. ಸುಮ್ಮನೆ ಎಲ್ಲ ಧರ್ಮವೂ ಒಂದೇ ಅಂತ ಬೆಣ್ಣೆ ಹಚ್ಚೋಕೆ ನನಗೆ ಬರಲ್ಲ. ಮಂತ್ರ, ಶಕುನ, ಭವಿಷ್ಯ ಹೇಳಿ ಹೊಟ್ಟೆ ಹೊರೆಯೋದನ್ನ ಬುದ್ಧ ಭಿಕ್ಷುಗಳಿಗೆ ಕೀಳು ವಿದ್ಯೆ ಅಂತ ನಿಷೇಧಿಸಿದ. ಬಾಬಾಸಾಹೇಬರಂತೂ ಅಲೌಕಿಕದಲ್ಲಿ ನಂಬಿಕೆ ಇಡೋದೇ ಅಧಮ್ಮ ಅಂತ ಬರೆದರು. ಹಾಗಂತ ಬೌದ್ಧ ದೇಶಗಳೆಲ್ಲ ಹಂಗೇ ನಡೀತಿವೆ ಅಂತಲ್ಲ. ಸಿಂಹಳ ಬೌದ್ಧರು ಪತ್ತಿನಿ ದೇವಿಗೆ ಕೈ ಮುಗೀತಾರೆ, ಟಿಬೆಟಿನವರಿಗೆ ತಾರಾ ಇದಾಳೆ, ಥಾಯ್ ಜನ ತಾಯಿತ ಕಟ್ಕೋತಾರೆ. ನಮ್ಮವ್ವನೂ ಗೋಡೆ ಮೇಲೆ ಬುದ್ಧ-ಬಾಬಾಸಾಹೇಬರ ಫೋಟೋ ಇಟ್ಕೊಂಡೇ ಮಾರಮ್ಮನಿಗೆ ತಂಬಿಟ್ಟಿನ ಆರತಿ ಎತ್ತಿದಳು. ಪ್ರತಿಜ್ಞೆಯಲ್ಲಿ ಗೌರಿ-ಗಣಪತಿ ಹೆಸರಿದೆ, ಹಿಂದೂ ದೇವ-ದೇವತೆಗಳು ಅಂತಿದೆ. ಮಾರಮ್ಮ ಹಿಂದೂ ದೇವತೆಯಾ ಅಂತ ನಮ್ಮೊಳಗೆ ಮೂವತ್ತು ವರ್ಷದಿಂದ ಜಗಳ ನಡೀತಾನೇ ಇದೆ. ಈ ಪೋಸ್ಟ್ ಕೆಳಗೂ ನಡೆಯುತ್ತೆ, ಗೊತ್ತು.

ನನಗೆ ಬಹಳ ತೊಡಕಾಗಿದ್ದು ಇನ್ನೊಂದು. ಗಾರ್ಡ್ನರನ ಗುಂಪು ಪೂಜೆ ಮಾಡ್ತಿದ್ದಿದ್ದು ಬೆತ್ತಲಾಗಿ. ಓದಿದ ತಕ್ಷಣ ಚಂದ್ರಗುತ್ತಿ ನೆನಪಾಗಿ ಹೊಟ್ಟೆ ತೊಳಸಿತು. 1986ರಲ್ಲಿ ರೇಣುಕಾಂಬೆಯ ಬೆತ್ತಲೆ ಸೇವೆ ತಡೆಯೋಕೆ ಹೋದ ದಸಂಸ ಕಾರ್ಯಕರ್ತರ ಮೇಲೆ, ಪೊಲೀಸರ ಮೇಲೆ ಎಂಥ ದಾಳಿ ಆಯ್ತು ಅಂತ ಹಿರಿಯರಿಗೆ ಗೊತ್ತು. ಆಮೇಲೆ ಸರ್ಕಾರ ನಿಷೇಧ ಹಾಕ್ತು. ಇದನ್ನ ಮುಂದೆ ನಾನು ಅವಳಿಗೆ ಕೇಳಿಯೂ ಕೇಳಿದೆ. "ಚಿಕ್ಕಪ್ಪ, ಅವನ ಗುಂಪಿನವರು ಕೋಟು, ಟೋಪಿ ಹಾಕ್ಕೊಂಡು ತೋಟದಲ್ಲಿ ನಿಂತ್ಕೋತಾರೆ, ಇಲ್ಲಿ ಎಂಥ ಚಳಿ ಗೊತ್ತಾ ನಿಮಗೆ" ಅಂತ ನಕ್ಕಳು. ಸರಿ. ಬಾಗಿಲು ಹಾಕ್ಕೊಂಡು ತಮ್ಮಿಷ್ಟದಿಂದ ಬಟ್ಟೆ ಬಿಚ್ಚೋ ಬಿಳಿಯರು ಬೇರೆ, ಸಾವಿರ ಗಂಡಸರ ಕಣ್ಣೆದುರು ಹರಕೆ ಹೆಸರಲ್ಲಿ ನಡೆಸಿದ ನಮ್ಮ ಹೆಣ್ಣುಮಕ್ಕಳು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಆದರೂ ಹೊಟ್ಟೆ ತೊಳಸಿದ್ದು ನಿಜ.

ಹೆಣ್ಣಿನ ವಿಷಯದಲ್ಲಿ ಎರಡೂ ಕಡೆ ಒಂದೇ ಥರದ ಘಟನೆ ಸಿಕ್ಕಿತು, ಅದನ್ನ ಹೇಳಲೇಬೇಕು. ವಿಕ್ಕಾದ ವಿಧಿಗಳಿಗೆ ಮಾತು ಕೊಟ್ಟವಳು ಡೋರೀನ್ ವ್ಯಾಲಿಯೆಂಟಿ (1922–1999). 1957ರಲ್ಲಿ ಗುಂಪಿನೊಳಗೆ ಜಗಳ ಬಂದಾಗ ಗಾರ್ಡ್ನರ್ ಇದ್ದಕ್ಕಿದ್ದಂತೆ 'ಪುರಾತನ ಕಟ್ಟಳೆ' ಅಂತ ಒಂದು ಕಾಗದ ತೆಗೆದ. ಅದರಲ್ಲಿ, ವಯಸ್ಸಾದ ಅರ್ಚಕಿ ಕಿರಿಯಳಿಗೆ ಸುಮ್ಮನೆ ಜಾಗ ಬಿಟ್ಟುಕೊಡಬೇಕು ಅಂತ ಬರೆದಿತ್ತು. ಆ ತನಕ ಯಾರೂ ಅದನ್ನ ಕಂಡಿರಲಿಲ್ಲ. ಡೋರೀನ್ ಒಪ್ಪಲಿಲ್ಲ, ಎದ್ದು ಹೊರಗೆ ನಡೆದಳು. ನಮ್ಮಲ್ಲೂ ಮಹಾಪ್ರಜಾಪತಿ ಸಂಘಕ್ಕೆ ಬಂದಾಗ ಎಂಟು ಗುರುಧಮ್ಮಗಳನ್ನ ಹಾಕಿದರು ಅಂತ ಗ್ರಂಥದಲ್ಲಿದೆ. ನೂರು ವರ್ಷದ ಭಿಕ್ಷುಣಿಯೂ ನಿನ್ನೆ ಮೊನ್ನೆ ಬಂದ ಭಿಕ್ಷುವಿಗೆ ವಂದಿಸಬೇಕಂತೆ. ಬಾಬಾಸಾಹೇಬರು 1951ರಲ್ಲಿ ಮಹಾಬೋಧಿ ಪತ್ರಿಕೆಯಲ್ಲಿ ಹಿಂದೂ ಸ್ತ್ರೀಯ ಏಳುಬೀಳಿನ ಬಗ್ಗೆ ಬರೀತಾ ಬುದ್ಧನನ್ನ ಸ್ತ್ರೀದ್ವೇಷಿ ಅನ್ನೋರಿಗೆ ಉತ್ತರ ಕೊಟ್ಟರು, ಗ್ರಂಥದಲ್ಲಿ ಆಮೇಲೆ ಭಿಕ್ಷುಗಳ ಕೈ ಆಡಿದೆ ಅಂದರು. ಮುದುಕರು ಹಳೇ ಕಾಗದ ತೆಗೆದಾಗಲೆಲ್ಲ ಮಸಿ ಒಣಗಿದೆಯಾ ಅಂತ ಮುಟ್ಟಿ ನೋಡಬೇಕು.

ಈಗ ಮದುವೆ ವಿಷಯ. ಬುದ್ಧನ ಕಾಲದಲ್ಲೂ ಇಂಥ ಮನೆಗಳಿದ್ದವು. ರಾಜಗೃಹದ ಧನಂಜಾನಿ ಬುದ್ಧನ ಉಪಾಸಕಿ, ಗಂಡ ಭಾರದ್ವಾಜ ಗೋತ್ರದ ಬ್ರಾಹ್ಮಣ. ಊಟ ಬಡಿಸ್ತಾ ಎಡವಿದಾಗ ಅವಳ ಬಾಯಿಂದ ಮೂರು ಸಲ ಬುದ್ಧನಿಗೆ ನಮೋ ಅಂತ ಬಂತು. ಗಂಡ ಕೆಂಡ ಆದ, ನಿನ್ನ ಆ ಬೋಳನನ್ನ ವಾದದಲ್ಲಿ ಸೋಲಿಸ್ತೀನಿ ಅಂದ. ಹೋಗಿ ನೋಡು ಅಂದಳು. ಗಂಡನ್ನ ಬಿಟ್ಟು ಬಾ ಅಂತ ಅವಳಿಗೆ ಬುದ್ಧ ಹೇಳಿದ ಅನ್ನೋ ಮಾತು ಆ ಸುತ್ತದಲ್ಲಿ ಎಲ್ಲೂ ಇಲ್ಲ. 3ನೇ ಶತಮಾನದ ನಾಗಾರ್ಜುನಕೊಂಡ ನೋಡಿ. ಇಕ್ಷ್ವಾಕು ದೊರೆ ಚಾಂತಮೂಲ ಅಶ್ವಮೇಧ ಮಾಡಿದವನು, ಅವನ ತಂಗಿ ಚಾಂತಿಸಿರಿ ಅಲ್ಲಿನ ಮಹಾಚೈತ್ಯಕ್ಕೆ ದಾನ ಮಾಡಿ ಕಟ್ಟಿಸಿದವಳು. ಅದೇ ಮನೆತನದ ಕೊಡಬಲಿಸಿರಿ ನಮ್ಮ ಬನವಾಸಿಯ ದೊರೆಗೆ ಮದುವೆಯಾದವಳು. ಅವಳು ತವರಿನಲ್ಲಿ ಭಿಕ್ಷುಗಳಿಗೆ ವಿಹಾರ ಕಟ್ಟಿಸಿದ ಶಾಸನ ಇದೆ. ಒಂದೇ ಮನೆಯೊಳಗೆ ಯಜ್ಞದ ಹೊಗೆ, ಇನ್ನೊಂದು ಕೋಣೆಯಲ್ಲಿ ತ್ರಿಸರಣ.

ಅಂಗುತ್ತರ ನಿಕಾಯದಲ್ಲಿ ಎರಡು ಸುತ್ತಗಳಿವೆ, ಅವುಗಳ ಮುಂದೆ ನಾನು ಬಹಳ ಹೊತ್ತು ಕೂತೆ. ಒಂದರಲ್ಲಿ ನಕುಲಪಿತ, ನಕುಲಮಾತೆ ಅನ್ನೋ ವಯಸ್ಸಾದ ದಂಪತಿ ಬಂದು, ಮುಂದಿನ ಜನ್ಮದಲ್ಲೂ ನಾವಿಬ್ಬರೂ ಸೇರಬೇಕು, ಏನು ಮಾಡಬೇಕು ಅಂತ ಕೇಳ್ತಾರೆ. ಬುದ್ಧ ನಗಲ್ಲ. ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆ ಈ ನಾಲ್ಕರಲ್ಲೂ ಇಬ್ಬರೂ ಸಮ ಆಗಿರಬೇಕು ಅಂತಾನೆ. ವಿಕ್ಕಾದವರಿಗೂ ಇದೇ ಆಸೆ ಇದೆ, ಮತ್ತೆ ಹುಟ್ಟಿ ಪ್ರೀತಿಸಿದವರನ್ನೇ ಮತ್ತೆ ಕಾಣೋದು. ಸಿಕ್ಕಿಬಿದ್ದೆ ನಾನು. ಸಮಶ್ರದ್ಧೆ ಅಂದ್ಬಿಟ್ಟಿದ್ದಾನಲ್ಲ! ಆಮೇಲೆ ಹೊಳೀತು, ಆ ಷರತ್ತು ಮುಂದಿನ ಜನ್ಮಕ್ಕೂ ಜೋಡಿ ಬೇಕು ಅನ್ನೋರಿಗೆ. ನಮ್ಮ ಹುಡುಗಿಗೆ ಸದ್ಯಕ್ಕೆ ಈ ಜನ್ಮ ಸಾಕು.

ಇನ್ನೊಂದು ಸುತ್ತದಲ್ಲಿ ಬುದ್ಧ ಮಧುರೆಯಿಂದ ವೇರಂಜೆಗೆ ನಡೆಯೋ ದಾರಿಯಲ್ಲಿ ಮರದ ಕೆಳಗೆ ಕೂತು ಗೃಹಸ್ಥರಿಗೆ ನಾಲ್ಕು ಥರದ ಸಂಸಾರ ಹೇಳ್ತಾನೆ. ಹೆಣದ ಜತೆ ಹೆಣ ಬಾಳೋದು, ಹೆಣದ ಜತೆ ದೇವಿ, ಹೆಣದ ಜತೆ ದೇವ, ದೇವನ ಜತೆ ದೇವಿ. ಕೊಲ್ಲೋನು, ಕದಿಯೋನು, ಹಾದರ ಮಾಡೋನು, ಸುಳ್ಳಾಡೋನು, ಕುಡಿಯೋನು, ಜಿಪುಣ, ಬೈಗುಳದವನು ಹೆಣ. ಯಾವ ದೇವರಿಗೆ ಕೈ ಮುಗೀತಾನೆ ಅನ್ನೋ ಪ್ರಶ್ನೆ ಆ ಪಟ್ಟಿಯಲ್ಲಿಲ್ಲ. ನಮ್ಮೂರಲ್ಲಿ 22 ಪ್ರತಿಜ್ಞೆ ಬಾಯಿಪಾಠ ಇರೋ, ಸಂಜೆ ಕುಡಿದು ಹೆಂಡತಿಗೆ ಹೊಡೆಯೋ ಹೆಣಗಳನ್ನ ನಾನು ಬಲ್ಲೆ. ಅವರ ಮದುವೆಗೆ ನಾನೇ ಪಂಚಶೀಲ ಹೇಳಿಸಿದ್ದೆ.

ಬಾಬಾಸಾಹೇಬರ ಮನೆಯನ್ನೇ ನೋಡಿ. ರಮಾಬಾಯಿ ಉಪವಾಸ-ವ್ರತದ ದೈವಭಕ್ತೆ, ಪಂಢರಪುರಕ್ಕೆ ಹೋಗಬೇಕು ಅಂತ ಆಸೆಪಟ್ಟವರು. ನಮ್ಮನ್ನ ಹೊರಗೆ ನಿಲ್ಲಿಸೋ ಪಂಢರಪುರ ಬೇಡ ಅಂದರು ಬಾಬಾಸಾಹೇಬರು. ಆದರೆ ಆಕೆಯ ನಂಬಿಕೆಯನ್ನ ಹೀಯಾಳಿಸಲಿಲ್ಲ. ಪಾಕಿಸ್ತಾನದ ಬಗ್ಗೆ ಬರೆದ ಪುಸ್ತಕವನ್ನ ಆಕೆಗೇ ಅರ್ಪಿಸಿದರು. 1948ರ ಏಪ್ರಿಲ್ 15ಕ್ಕೆ ಡಾ. ಶಾರದಾ ಕಬೀರರನ್ನ ಮದುವೆಯಾಗಿದ್ದು ಸಿವಿಲ್ ರಿಜಿಸ್ಟ್ರೇಷನ್ ಮೂಲಕ. ಇಬ್ಬರೂ ಜತೆಯಾಗಿ ದೀಕ್ಷೆ ತಗೊಂಡಿದ್ದು ಎಂಟೂವರೆ ವರ್ಷ ಆದ ಮೇಲೆ.

ಇದನ್ನೆಲ್ಲ ಓದಿ ಮುಗಿಸಿ ನಾನೇ ಫೋನ್ ಮಾಡಿದೆ. ತಪ್ಪಾಯ್ತು ಕಣಮ್ಮ ಅಂದೆ. ಅವಳು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಒಂದು ವಿಷಯ ಹೇಳಿದಳು. ಅಕ್ಟೋಬರ್ 31ಕ್ಕೆ ಅವರಲ್ಲಿ ಸಾವಿನ್ ಅಂತ ಹಬ್ಬ, ಸತ್ತವರನ್ನ ನೆನೆಯೋ ದಿನ. ಊಟದ ಮೇಜಿನಲ್ಲಿ ತೀರಿಹೋದವರಿಗೆ ಒಂದು ತಟ್ಟೆ ಇಡ್ತಾರೆ. ಆ ಹುಡುಗ ತನ್ನ ಅಜ್ಜನ ತಟ್ಟೆ ಪಕ್ಕ ಇನ್ನೊಂದು ಇಟ್ಟಿದ್ದನಂತೆ. ಯಾರಿಗೆ ಅಂತ ಕೇಳಿದರೆ, "ನಿಮ್ಮ ಅಜ್ಜಿಗೆ. ಕೋವಿಡ್‌ನಲ್ಲಿ ಹೋದರು, ಕೊನೇ ಸಲ ನೋಡೋಕೂ ಆಗಲಿಲ್ಲ ಅಂತ ಹೇಳಿದ್ದೆಯಲ್ಲ" ಅಂದನಂತೆ. ಯೂಟ್ಯೂಬ್ ನೋಡಿ ಮುದ್ದೆ ಮಾಡೋಕೆ ಹೋಗಿ ಗಂಟು ಗಂಟು ಮಾಡಿಟ್ಟಿದ್ದ.

ಅವಳ ಅಜ್ಜಿ ಅಂದ್ರೆ ನಮ್ಮವ್ವ. ನಮ್ಮವ್ವ ಹೋದಾಗ ನಾನು ಎಡೆ ಇಡಲಿಲ್ಲ. ಶ್ರಾದ್ಧ, ಪಿಂಡ ಮಾಡಲ್ಲ ಅನ್ನೋದು ಪ್ರತಿಜ್ಞೆ. ಇವತ್ತಿಗೂ ಅದು ಸರಿ ಅಂತಲೇ ನನ್ನ ನಿಲುವು. ಆದರೆ ಫೋನ್ ಹಿಡ್ಕೊಂಡು ಸ್ವಲ್ಪ ಹೊತ್ತು ಮಾತಾಡೋಕಾಗಲಿಲ್ಲ.

ಮದುವೆ ಬರೋ ಮೇ ತಿಂಗಳಲ್ಲಿ. ಮೊದಲು ಅಲ್ಲಿನ ರಿಜಿಸ್ಟರ್ ಆಫೀಸಿನಲ್ಲಿ, ಯಾಕಂದ್ರೆ ಕೈಗೆ ಕೈ ಸೇರಿಸಿ ದಾರ ಕಟ್ಟೋ ಅವರ ಶಾಸ್ತ್ರಕ್ಕೆ ಇಂಗ್ಲೆಂಡಿನ ಕಾನೂನಿನಲ್ಲಿ ಮಾನ್ಯತೆ ಇಲ್ಲ. ಆಮೇಲೆ ಅವನ ಮನೆ ತೋಟದಲ್ಲಿ ತ್ರಿಸರಣ-ಪಂಚಶೀಲ, ಅದಾದ ಮೇಲೆ ದಾರ ಕಟ್ಟೋದು. ಅವರ ವಿಧಿಯಲ್ಲಿ ವೈನ್ ಇರುತ್ತೆ. ಅದರ ಬದಲು ದ್ರಾಕ್ಷಿ ರಸ ಅಂತ ಹುಡುಗನೇ ಹೇಳಿದಾನೆ. ನಮ್ಮ ಕಡೆಯ ಕೆಲವು ಹಿರಿಯರು ಪಂಚಶೀಲ ಹೇಳಿಸೋಕೆ ಒಪ್ಪಲಿಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಎರಡು ತಿಂಗಳ ಹಿಂದೆ ಅಲ್ಲೇ ನಿಂತಿದ್ದೆ. ವೀಡಿಯೊ ಕಾಲ್‌ನಲ್ಲಿ ನಾನೇ ಹೇಳಿಸ್ತೀನಿ ಅಂದಿದೀನಿ. ಪಾಸ್‌ಪೋರ್ಟ್ ಇಲ್ಲ, ಮಾಡಿಸೋಕೆ ಟೈಮೂ ಇಲ್ಲ. ಅಣ್ಣ ಇನ್ನೂ ಪೂರ್ತಿ ಒಪ್ಪಿಲ್ಲ. ಮೊನ್ನೆ ಮಾತ್ರ, "ಆ ಹುಡುಗ ಮುದ್ದೆಗೆ ಎಷ್ಟು ನೀರು ಹಾಕಿದ್ನಂತೆ?" ಅಂತ ಕೇಳಿದ.